ಇನ್ನೂ ಎರಡು ಡಬ್ಬಿ ಉಳಿದಿವೆ

ಸಿಂದಗಿ
೧೨-೮-೧೯೭೪

ಚನ್ನಿ,

ನಿನ್ನ ಪಾರ್ಸೆಲ್ಲು ಮೊನ್ನೆ ಶನಿವಾರ ಕೈಸೇರಿತು. ಆಫ್ರಿಕಾದ ನಿನ್ನ ಪರಿಚಯದ ಗುಜರಾತಿ ಸೇಠರು ಮಾತಿಗೆ ತಪ್ಪದೆ ಹಡಗಿನಲ್ಲಿ ತಂದು ಮುಂಬಯಿಯಿಂದ ರೈಲಿಗೆ ಹಾಕಿಸಿದ್ದಾರೆ. ನಮ್ಮ ಮಾಸ್ತರರು ಶಾಲೆಗೆ ರಜೆ ಹಾಕಿ ಇಂಡಿ ರೋಡ್ ಸ್ಟೇಶನ್ನಿಗೆ ಹೋಗಿ, ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಟಾಪಿನ ಮೇಲೆ ಹಾಕಿದರೆ ನೆಗ್ಗುತ್ತದೆಂದು ಕಂಡಕ್ಟರನ ಜೊತೆ ಜಗಳವಾಡಿದರಂತೆ. ಆ ಮನುಷ್ಯ ಜಗಳವಾಡಿದ್ದು ನಾನಂತೂ ಇದೇ ಮೊದಲು ಕೇಳಿದ್ದು.

ಆರು ಡಬ್ಬಿ ಹಾಲಿನ ಪುಡಿ! ಇಲ್ಲಿ ಬಿಜಾಪುರದಲ್ಲಿ ಹುಡುಕಿದರೂ ಒಂದು ಸಿಗದು. ನಾನು ಕೇಳುವ ಮೊದಲೇ ಕಳಿಸಿದ್ದೀ. ನನ್ನ ಮನಸ್ಸು ಸಮುದ್ರದ ಆಚೆಯಿಂದ ನಿನಗೆ ಹೇಗೆ ಕಂಡಿತು?

ನನಗೆ ಹಾಲು ಸಾಲುತ್ತಿಲ್ಲ ಎಂದೇ ನನ್ನ ಅನುಮಾನ. ಸೋಮು ಕುಡಿದ ಅರ್ಧ ತಾಸಿಗೆ ಮತ್ತೆ ಅಳುತ್ತಾನೆ. ಎರಡು ತಿಂಗಳಾದವು, ನಾನು ಒಂದೇ ಸಮನೆ ಎರಡು ತಾಸು ಮಲಗಿದ್ದು ನೆನಪಿಲ್ಲ. ಅವನು ಮಲಗಿದಾಗಲೂ ನಾನು ಮಲಗುವುದಿಲ್ಲ, ಮೂಗಿನ ಮುಂದೆ ಬೆರಳು ಹಿಡಿದು ಉಸಿರು ನೋಡುತ್ತ ಕೂಡುತ್ತೇನೆ. ಹೋದ ವರ್ಷದ್ದು ನಿನಗೆ ಗೊತ್ತೇ ಇದೆ. ಆ ಮಗಳು ಇಪ್ಪತ್ತು ದಿನ ಇದ್ದಳು. ಕೂಸು ಆರಾಮ ಅಂತ ಹೊರ್ತಿಗೆ, ಅಪ್ಪನಿಗೆ, ನಾನೇ ಕಾರ್ಡು ಬರೆದೆ. ಆ ಕಾರ್ಡು ಮುಟ್ಟುವುದರೊಳಗೆ ಮುಗಿದಿತ್ತು.

ಅದಕ್ಕೇ ಇವನನ್ನು ಕಾಳಿನ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಾ ಎಂದು ಮಾಸ್ತರರನ್ನು ಕಳಿಸಿದ್ದೆ. ಅತ್ತೆ ಹುಚ್ಚವ್ವನವರು ಕೆಂಡವಾದರು. "ಕೂಸಿನ್ನ ತೂಗತಾರೇನ ಯಾರರ? ಜ್ವಾಳದ ಚೀಲ ಏನ ಅದು?" ಡಬ್ಬಿ ಕಂಡಾಗ ಅದರ ಮೇಲಿನ ಬಿಳಿ ದುಂಡು ಕೂಸಿನ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದರ ತಾಯಿ ಉಂಡಂಗ ನೀ ಉಂಡ್ರ ನಿನಗೂ ಹಾಲ ಬರತಾವು. ಮೇಲಿಂದ ಬೇಕಂದ್ರ ಆಡಿನ ಹಾಲ ಐತಿ," ಅಂದರು. ನಿನ್ನ ಬಗ್ಗೆಯೂ ಕೇಳಿದರು: "ನಿನ್ನ ತಂಗಿ ಅಲ್ಲಿ ಒಂದ್ ವರ್ಷ ಏನ್ ಮಾಡಾಕತ್ತಾಳ?" ಜಗತ್ತಿನ ಅನ್ಯಾಯದ ವಿರುದ್ಧ ಕೆಲಸ ಮಾಡುತ್ತಿದ್ದಾಳೆ ಎಂದೆ. "ಅಷ್ಟ ದೂರ ಯಾಕ ಹೋದ್ಳು? ಇಲ್ಲಿ ಅನ್ಯಾಯ ಸಾಲಲಿಲ್ಲೇನು?"

ನಗು ಬಂತು. ನೀನು ನಗುವುದು ನೆನಪಾಯಿತು. ಅವ್ವ ಇದ್ದಿದ್ದರೆ ಈ ಬಾಣಂತನ ಹೊರ್ತಿಯಲ್ಲಿ ಆಗುತ್ತಿತ್ತು, ನೀನೂ ಇರುತ್ತಿದ್ದೆ.

ನಿನ್ನ ಅಕ್ಕ,
ಇಂದ್ರಾ


ಮೊರೊಗೊರೊ ಹತ್ತಿರದ ಹಳ್ಳಿ, ಟಾಂಜಾನಿಯಾ
೩-೯-೧೯೭೪

ಅಕ್ಕಾ, ನಮಸ್ಕಾರ.

ಡಬ್ಬಿ ಮುಟ್ಟಿದ್ದು ಕೇಳಿ ಹಾರಾಡಿದೆ. ಬಸಂತರಾಯ ಮಾಮಾ ಕಂಡಕ್ಟರನ ಜೊತೆ ಜಗಳವಾಡಿದ್ದನ್ನು ಇಲ್ಲಿಯ ನನ್ನ ಗೆಳತಿಯರಿಗೆಲ್ಲ ಅಭಿನಯಿಸಿ ತೋರಿಸಿದೆ.

ನಾನು ಬಂದು ನಾಲ್ಕು ತಿಂಗಳಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಕೂತು ಬಡ ದೇಶ, ಶ್ರೀಮಂತ ದೇಶ ಎಂದು ಭಾಷಣ ಮಾಡುವಾಗ ನನಗೆ ಏನೂ ಗೊತ್ತಿರಲಿಲ್ಲ. ಬಿ.ಎಡ್.ಗೆ ಹೋಗುವ ಮೊದಲು ಒಂದು ವರ್ಷ ಹೀಗೆ ಕಳೆಯುತ್ತೇನೆ ಎಂದಾಗ ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟರು, ಹೋಗು ಅಂದವಳು ನೀನೊಬ್ಬಳೇ. ಇಲ್ಲಿ ಕಣ್ಣಾರೆ ಕಂಡದ್ದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ನಮ್ಮ ಚಿಕ್ಕ ದವಾಖಾನೆಗೆ ಅಶುರಾ ಎಂಬ ತಾಯಿ ಬರುತ್ತಾಳೆ. ಅವಳ ಮಗ ಜುಮಾಗೆ ಎಂಟು ತಿಂಗಳು, ನೋಡಿದರೆ ಮೂರು ತಿಂಗಳಿನ ಕೂಸು. ಹಡೆದ ವಾರದಲ್ಲಿ ಬಿಳಿ ಉಡುಪಿನ ಹೆಂಗಸರು ಮನೆಗೆ ಬಂದು ಹಾಲಿನ ಪುಡಿಯ ಡಬ್ಬಿಯೊಂದನ್ನು ಪುಕ್ಕಟೆ ಕೊಟ್ಟರಂತೆ. ಅವರನ್ನು ನರ್ಸುಗಳೆಂದೇ ಇವಳು ತಿಳಿದಿದ್ದಳು. ಅವರು ಕಂಪನಿಯವರು. ಡಬ್ಬಿ ಮುಗಿಯುವುದರೊಳಗೆ ಇವಳ ಎದೆಹಾಲು ಬತ್ತಿತು. ಎರಡನೆಯ ಡಬ್ಬಿ ಕೊಳ್ಳಬೇಕು. ಗಂಡನ ವಾರದ ಕೂಲಿ ಅದಕ್ಕೇ ಹೋಗುತ್ತದೆ. ಹೀಗಾಗಿ ಉಳಿಸಿ ಉಳಿಸಿ ಹಾಕುತ್ತಾಳೆ. ಬಾಟಲಿಗೆ ಒಂದು ಚಮಚ, ಹೊಳೆಯ ನೀರು. ಅದು ಹಾಲಲ್ಲ ಅಕ್ಕಾ, ಸುಣ್ಣದ ಕೈ ತೊಳೆದ ನೀರು.

ಡೆನ್ಮಾರ್ಕಿನಿಂದ ಬಂದ ಡಾಕ್ಟರ್ ಬಾಯಿಯೊಬ್ಬರು ಇದನ್ನೆಲ್ಲ ವರದಿ ಮಾಡಿ ಜಗತ್ತಿಗೆ ತಿಳಿಸಬೇಕೆಂದು ಹೊರಟಿದ್ದಾರೆ. ನನ್ನ ಕೆಲಸ ಮನೆಮನೆಗೆ ಹೋಗಿ ಫಾರಮ್ ತುಂಬುವುದು. ತಾಯಿಯ ಹೆಸರು, ಊರು, ಕೂಸಿನ ವಯಸ್ಸು, ಬಾಟಲಿಗೆ ಎಷ್ಟು ಚಮಚ, ನೀರು ಎಲ್ಲಿಯದು. ಕೊನೆಯ ಪ್ರಶ್ನೆ: ಡಬ್ಬಿ ಮೊದಲು ಕೊಟ್ಟವರು ಯಾರು? ಡಾಕ್ಟರ್ ಬಾಯಿಗೆ ಆ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ತಪ್ಪಿತಸ್ಥರು ಅಲ್ಲಿ ಸಿಗುತ್ತಾರೆ ಅನ್ನುತ್ತಾರೆ. ಇಲ್ಲಿಯ ತನಕ ನೂರಾ ಹನ್ನೊಂದು ತಾಯಂದಿರದು ತುಂಬಿದ್ದೇನೆ.

ನೀನು ಗಾಬರಿಯಾಗಬೇಡ. ಇದು ಓದು ಬರಹ ಇಲ್ಲದವರ ಕಥೆ. ನೀನು ಬಿ.ಎ. ಓದಿದವಳು. ಡಬ್ಬಿಯ ಮೇಲೆ ಬರೆದದ್ದನ್ನು ಓದಬಲ್ಲೆ, ಅಳತೆ ಬಲ್ಲೆ, ನೀರು ಕುದಿಸಬಲ್ಲೆ. ನಮ್ಮ ಸೋಮು ಇಷ್ಟರಲ್ಲಿ ಆ ಚಿತ್ರದ ಕೂಸಿನಂತೆ ದುಂಡಗಾಗಿರಬೇಕು. ಈ ತಿಂಗಳ ತೂಕ ಬರೆ.

ನಿನ್ನ
ಚನ್ನಿ


ಸಿಂದಗಿ
೨೯-೯-೧೯೭೪

ಚನ್ನಿ,

ಕಾಗದ ಮುಟ್ಟಿತು. ಇಲ್ಲಿ ನಾವೆಲ್ಲರೂ ಕ್ಷೇಮ.

ಜುಮಾನ ಸುದ್ದಿ ಓದಿ ಕೆಡುಕೆನಿಸಿತು. ನಿಮ್ಮ ವರದಿ ಚೆನ್ನಾಗಿ ಬರಲಿ. ಮಾಸ್ತರರಿಗೂ ಓದಿ ಹೇಳಿದೆ, ನಿನ್ನ ಬಗ್ಗೆ ಹೆಮ್ಮೆಪಟ್ಟರು.

ಸೋಮು ಚೆನ್ನಾಗಿದ್ದಾನೆ. ಮೊದಲಿನಂತೆ ಅಳುವುದಿಲ್ಲ. ಬಹಳ ಶಾಂತ ಕೂಸು ಎಂದು ಬಂದವರೆಲ್ಲ ಅನ್ನುತ್ತಾರೆ. ಪಕ್ಕದ ಮನೆಯ ಜೈತುನಬಿಯ ಮಗಳು ಇವನಿಗಿಂತ ಎರಡು ತಿಂಗಳು ದೊಡ್ಡವಳು, ಓಣಿ ಕಿತ್ತುಹೋಗುವಂತೆ ಕಿರುಚುತ್ತಾಳೆ. ಇವನು ಸುಮ್ಮನೆ ನೋಡುತ್ತಾನೆ. ಅತ್ತೆಗೆ ಸೇರುವುದಿಲ್ಲವೆಂದು ಈ ತಿಂಗಳು ತಕ್ಕಡಿಗೆ ಕಳಿಸಲಿಲ್ಲ.

ಸೀಮೆಎಣ್ಣೆಗೆ ಪಾಳಿ ಹಚ್ಚಿ ಹಚ್ಚಿ ಸಾಕಾಗಿದೆ. ಮಳೆ ಈ ಸಲ ಸಾಧಾರಣ ಆಯಿತು.

ಡಬ್ಬಿ ಮತ್ತೆ ಕಳಿಸಲು ನೀನು ತೊಂದರೆ ತಗೊಳ್ಳಬೇಡ. ಇನ್ನೂ ಎರಡು ಉಳಿದಿವೆ.

ಇಂದ್ರಾ


ತಂತಿ
ಟಾಂಜಾನಿಯಾ, ೧೮-೧೦-೧೯೭೪

ಇಂದ್ರಾಬಾಯಿ, ಮಾಸ್ತರ ಬಸಂತರಾಯರ ಮನೆ, ಸಿಂದಗಿ, ಜಿಲ್ಲಾ ಬಿಜಾಪುರ. ಡಬ್ಬಿ ಹಾಲು ನಿಲ್ಲಿಸು. ಕೂಸನ್ನು ಡಾಕ್ಟರಿಗೆ ತೋರಿಸು. ಕಾಗದ ಬರುತ್ತಿದೆ. ಚನ್ನವ್ವ.


ಮೊರೊಗೊರೊ ಹತ್ತಿರದ ಹಳ್ಳಿ
೧೯-೧೦-೧೯೭೪

ಅಕ್ಕಾ,

ನಿನ್ನೆ ತಂತಿ ಕೊಡಲು ಹನ್ನೆರಡು ಮೈಲಿ ಲಾರಿಯಲ್ಲಿ ಹೋಗಿ ಬಂದೆ. ತಂತಿ ನಿನಗೆ ಒರಟಾಗಿ ಕಂಡಿರಬೇಕು.

ಎರಡು ಉಳಿದಿವೆ ಎಂದು ನೀನು ಬರೆದಿದ್ದೀ. ಇಲ್ಲಿಯ ತಾಯಂದಿರು ಚಮಚದ ಲೆಕ್ಕ ಯಾವಾಗಲೂ ಸರಿಯಾಗಿಯೇ ಹೇಳುತ್ತಾರೆ ಅಕ್ಕಾ. ನಾಚಿಕೆ ಅವರಿಗೂ ಇದೆ. ಹೀಗಾಗಿ ನಾವು ಚಮಚ ಕೇಳಿ ಬರೆದುಕೊಂಡು, ಆಮೇಲೆ ಮೆಲ್ಲಗೆ ಡಬ್ಬಿ ಯಾವಾಗ ಒಡೆದಿರಿ, ಎಷ್ಟು ಉಳಿದಿವೆ ಎಂದು ಕೇಳುತ್ತೇವೆ. ನಿಜ ಅಲ್ಲಿ ಹೊರಬರುತ್ತದೆ. ಮೂರು ತಿಂಗಳ ಕೂಸಿಗೆ ಸರಿಯಾದ ಅಳತೆಯಲ್ಲಿ ಕುಡಿಸಿದರೆ ಒಂದು ಡಬ್ಬಿ ಐದಾರು ದಿನ. ಆರು ಡಬ್ಬಿ ಒಂದು ತಿಂಗಳಿಗೆ ಮುಗಿಯಬೇಕು. ನೀನು ಪಾರ್ಸೆಲ್ಲು ಬಂದ ಐವತ್ತು ದಿನಕ್ಕೆ, ಎರಡು ಉಳಿದಿವೆ ಎಂದು ಬರೆದಿದ್ದೀ. ಜೊತೆಗೆ, ಅಳುವುದಿಲ್ಲ ಎಂದೂ ಬರೆದಿದ್ದೀ.

ಜುಮಾ ಕೂಡ ಕೊನೆಯ ವಾರ ಅಳಲಿಲ್ಲ. ಅವನು ಹೋಗಿ ಎಂಟು ದಿನ.

ಇನ್ನೊಂದು ಮಾತು ನಾನು ಮುಚ್ಚಿಟ್ಟಿದ್ದೆ. ಅಶುರಾಳ ಕೈಯಲ್ಲಿದ್ದದ್ದು ಅದೇ ಡಬ್ಬಿ. ಅದೇ ಬಿಳಿ ಕೂಸಿನ ಚಿತ್ರ. ಸೆಪ್ಟೆಂಬರಿನಲ್ಲಿ ನಿನಗೆ ಬರೆಯುವಾಗಲೇ ಅದು ನನಗೆ ಗೊತ್ತಿತ್ತು. ಮೇಜಿನ ಮುಂದೆ ಕೂತು, ಅಕ್ಕ ಇವರಂಥವಳಲ್ಲ, ಅವಳು ಓದಿದವಳು ಎಂದು ನನಗೆ ನಾನೇ ಹೇಳಿಕೊಂಡು ಆ ಸಾಲು ಬರೆದೆ. ನಿನ್ನ ಸಮಾಧಾನಕ್ಕೆ ಬರೆದೆ ಅಂದುಕೊಂಡಿದ್ದೆ. ನನ್ನ ಸಮಾಧಾನಕ್ಕೆ ಬರೆದದ್ದು.

ಇದು ಮುಟ್ಟಿದ ಕೂಡಲೇ ಒಂದೇ ಒಂದು ಸಾಲು ಬರೆ.

ಚನ್ನಿ


ಮೊರೊಗೊರೊ ಹತ್ತಿರದ ಹಳ್ಳಿ
೧೨-೧೧-೧೯೭೪

ಅಕ್ಕಾ,

ಇಪ್ಪತ್ತೈದು ದಿನವಾಯಿತು. ತಂತಿಗೂ ಉತ್ತರವಿಲ್ಲ. ಮಾಮಾ ಅವರಾದರೂ ಒಂದು ಶಬ್ದ ಕಳಿಸಬಹುದಿತ್ತು. ಕಳಿಸಿಲ್ಲ ಎಂದರೆ ಏನು ಅರ್ಥ ಎಂದು ನನಗೆ ಗೊತ್ತಾಗುತ್ತದೆ, ಗೊತ್ತಾಗಬಾರದು ಅನಿಸುತ್ತದೆ.

ಫಾರಮ್ಮುಗಳನ್ನು ಡಾಕ್ಟರ್ ಬಾಯಿಯ ಕೈಗೆ ಕೊಟ್ಟುಬಿಟ್ಟೆ. ಯಾವ ಮುಖದಿಂದ ಒಬ್ಬಳ ಮನೆಗೆ ಹೋಗಿ, ಡಬ್ಬಿ ಕೊಟ್ಟವರು ಯಾರು ಎಂದು ಕೇಳಲಿ? ಡಿಸೆಂಬರ್ ಕೊನೆಗೆ ಮುಂಬಯಿಗೆ ಹೋಗುವ ಹಡಗಿನಲ್ಲಿ ಜಾಗ ಕೇಳಿದ್ದೇನೆ. ವರ್ಷ ಮುಗಿಯುವ ತನಕ ಇರುವುದಿಲ್ಲ. ನಿನ್ನ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯುವುದು ನಿನಗೆ ಬಿಟ್ಟದ್ದು.

ಚನ್ನಿ


ಸಿಂದಗಿ
೨-೧೨-೧೯೭೪

ಚನ್ನಿ,

ಮೊದಲ ಸಾಲಿನಲ್ಲೇ ಹೇಳುತ್ತೇನೆ: ಸೋಮು ಇದ್ದಾನೆ. ನನ್ನ ತೊಡೆಯ ಮೇಲೆ ಇದ್ದಾನೆ, ಪೆನ್ನು ಕಸಿಯುತ್ತಿದ್ದಾನೆ. ಅಕ್ಷರ ಸೊಟ್ಟಗಿದ್ದರೆ ಅದು ಅವನ ಕೆಲಸ.

ಈಗ ಉಳಿದದ್ದು ಕೇಳು. ಹೋದ ಕಾಗದದಲ್ಲಿ ಎಲ್ಲರೂ ಕ್ಷೇಮ ಎಂದು ಬರೆದಿದ್ದೆನಲ್ಲ, ಅವತ್ತಿಗೆ ಸೋಮುವಿಗೆ ಭೇದಿ ಶುರುವಾಗಿ ಆರು ದಿನವಾಗಿತ್ತು. ನಿನ್ನ ಸೆಪ್ಟೆಂಬರಿನ ಕಾಗದ ಓದಿದ ದಿನವೇ ನಾನು ಡಬ್ಬಿ ಎದುರಿಗೆ ಇಟ್ಟುಕೊಂಡು ಕೂತೆ. ನಾಲ್ಕು ಚಮಚ ಹಾಕು ಎಂದು ಅದರ ಮೇಲಿದೆ. ನಾನು ಎರಡು ಹಾಕುತ್ತಿದ್ದೆ. ಓದಲು ಬರುವುದಿಲ್ಲವೆಂದು ಅಲ್ಲ. ನಾಲ್ಕು ಹಾಕಿದರೆ ತಿಂಗಳಿಗೆ ಮುಗಿಯುತ್ತವೆ, ಮುಂದೆ ಏನು? ನನ್ನ ಎದೆ ಅಷ್ಟರಲ್ಲಿ ಪೂರಾ ಬತ್ತಿತ್ತು. ಆಡಿನ ಹಾಲು ಬೇಡವೆಂದು ಅತ್ತೆಯ ಮೇಲೆ ನಾನೇ ಹಟ ಹಿಡಿದಿದ್ದೆ. ಅಶುರಾ ಒಂದು ಚಮಚ ಹಾಕುತ್ತಾಳೆ, ನಾನು ಎರಡು ಹಾಕುತ್ತೇನೆ, ನಾನು ಬೇರೆ ಎಂದು ಸಮಾಧಾನ ಮಾಡಿಕೊಂಡೆ. ನಿನಗೆ ಹೇಳಬೇಕೆಂದೇ ಕಾಗದ ಹಿಡಿದಿದ್ದೆ ಚನ್ನಿ. ಆದರೆ ನೀನು ಓದಿದವಳು ಎಂಬ ಆ ಸಾಲು ಎದುರಿಗೆ ಕಂಡಿತು. ಆಮೇಲೆ ಬರೆಯಲಾಗಲಿಲ್ಲ.

ಅಕ್ಟೋಬರ್ ಒಂಬತ್ತಕ್ಕೆ ಅತ್ತೆ ಸೋಮುವಿನ ಹೊಟ್ಟೆಯ ಚರ್ಮ ಎರಡು ಬೆರಳಿನಿಂದ ಹಿಡಿದು ಬಿಟ್ಟರು. "ಇಂದ್ರಾ, ಎದ್ದ ಚರ್ಮ ಇಳೀವಲ್ದವ್ವ," ಅಂದರು. ಅಷ್ಟು ಮೆತ್ತಗೆ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ.

ದವಾಖಾನೆಯಲ್ಲಿ ಕಾಲಿಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಡಾಕ್ಟರರು ಏನು ಕುಡಿಸುತ್ತೀರಿ, ಎಷ್ಟು ಚಮಚ ಎಂದು ಕೇಳಿದರು. ನಾಲ್ಕು ಎಂದೆ. ಹಿಂದೆ ನಿಂತಿದ್ದ ಅತ್ತೆ, "ಎರಡ್ರಿ ಸಾಹೇಬ್ರ. ದಿನಾ ನೋಡೇನಿ," ಅಂದರು. ಡಾಕ್ಟರರು ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ. "ಇನ್ನ ಮ್ಯಾಲ ಡಬ್ಬಿ ಮುಟ್ಟಬ್ಯಾಡ್ರಿ. ಎದಿಹಾಲ ಸಿಕ್ರ ಕೂಸ ಉಳೀತೈತಿ," ಎಂದಷ್ಟೇ ಹೇಳಿ ಹೋದರು. ನನ್ನಲ್ಲಿ ಒಂದು ಹನಿ ಇರಲಿಲ್ಲ.

ಮಧ್ಯಾಹ್ನ ಜೈತುನಬಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನನಗೆ ರೊಟ್ಟಿ ತಂದಳು. ಅವಳ ಗಂಡ ಇಸಾಕ, ಗಾದಿಗೆ ಹತ್ತಿ ಹಿಂಜುವವನು, ಬಾಗಿಲಲ್ಲಿ ನಿಂತಿದ್ದ. ಮೈಮೇಲೆಲ್ಲ ಅರಳೆ. ಅವಳು ಸೋಮುವನ್ನು ನೋಡಿದಳು. "ಬಾಯಾರ, ನನಗ ಎರಡು ಕೂಸಿಗೆ ಆಗೂವಷ್ಟು ಅದಾವ್ರಿ. ಕೊಡ್ರಿ ಇಲ್ಲಿ," ಎಂದು ಕೈ ಚಾಚಿದವಳು ಅಲ್ಲೇ ತಡೆದು ಗಂಡನ ಕಡೆ ತಿರುಗಿದಳು.

ಇಸಾಕ ತಲೆಯ ಟವೆಲ್ಲು ತೆಗೆದ. "ಕುಡಸಾಕ ನಂದೇನ ಅಡ್ಡಿಲ್ರಿ ಮಾಸ್ತರ. ಆದ್ರ ಹೇಳೂದು ಮೊದಲ ಹೇಳಬೇಕ. ನಮ್ಮಾಗ ಹಾಲ ಕುಡದ್ರ ಮಗನ ಆದಂಗ. ನಮ್ಮ ಹುಡಿಗಿ ಇವಗ ಅಕ್ಕ ಆಗತಾಳ. ನಾಳಿ ದೊಡ್ಡವರಾದ ಮ್ಯಾಲ ಈ ಎರಡರ ನಡುವ ಲಗ್ನದ ಮಾತ ಬರಂಗಿಲ್ಲ."

ಮಾಸ್ತರರು ಅತ್ತೆಯ ಕಡೆ ತಿರುಗಿದರು. ಅತ್ತೆ ಏನು ಅನ್ನುತ್ತಾರೋ ಎಂದು ನಾನು ಹೆದರಿದೆ. ಹೊರಗಿನವರ ಕೈಯ ನೀರು ಮುಟ್ಟದವರು ಅವರು. ಕಾಲೇಜಿನ ಚರ್ಚಾಕೂಟದಲ್ಲಿ ಮಾಡುತ್ತಿದ್ದಂತೆ ವಾದ ಜೋಡಿಸಿಕೊಳ್ಳುತ್ತಿದ್ದೆ.

"ಏ ಇಸಾಕ," ಅಂದರು ಅತ್ತೆ, "ಮೊದಲ ಇದು ಬದುಕಲಿ. ಆಮ್ಯಾಲ ನಿನ್ನ ಮಗಳನ್ನ ಕೊಡಲಿಲ್ಲಂತ ನಾ ಬಂದ ನಿನ್ನ ಕೂಡ ಜಗಳಾ ತಗೀತೇನಿ."

ಇಸಾಕ ನಕ್ಕುಬಿಟ್ಟ. ಜೈತುನಬಿ ಆಗಲೇ ಗೋಡೆಗೆ ಆತು ಕೂತಿದ್ದಳು.

ಸೋಮುವಿಗೆ ಚೀಪುವ ಬಲವಿರಲಿಲ್ಲ. ಅವಳು ಹಿಂಡಿ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಮೂರನೆಯ ದಿನ ತಾನೇ ಹಿಡಿದ. ಮನೆಗೆ ಬಂದ ಮೇಲೂ ದಿನಕ್ಕೆ ಆರು ಸಲ ಗೋಡೆ ದಾಟಿ ಬರುತ್ತಿದ್ದಳು. ಬಂದ ಕೂಡಲೇ ತಾನು ಕುಡಿಸುತ್ತಿರಲಿಲ್ಲ. ಮೊದಲು ಅವನನ್ನು ನನ್ನ ಎದೆಗೇ ಹಚ್ಚಿಸುತ್ತಿದ್ದಳು. ಏನೂ ಇಲ್ಲದ ಎದೆಗೆ ಯಾಕೆ, ಕೂಸಿಗೆ ತ್ರಾಸು ಎಂದರೆ, "ಅಂವ ಕೇಳಲಿ ಬಿಡ್ರಿ. ಯಾರೂ ಕೇಳವಲ್ರು ಅಂತ ನಿಂತಾವು. ಹಸಿದ ಕೂಸ ಕೇಳಿದ್ರ ಬರತಾವು," ಅನ್ನುತ್ತಿದ್ದಳು. ಅವನು ಅತ್ತು ಕೆಂಪಾಗುವ ತನಕ ನನ್ನಲ್ಲಿ, ಆಮೇಲೆ ಅವಳಲ್ಲಿ. ಅತ್ತೆ ಹಾಲು ಬರಲೆಂದು ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಚಟ್ನಿ ಎಂದು ತಿನ್ನಿಸಿ ತಿನ್ನಿಸಿ ನನ್ನ ಮೈಯೇ ಒಗ್ಗರಣೆ ನಾರುತ್ತಿತ್ತು. ಹತ್ತೊಂಬತ್ತನೆಯ ದಿನ ರೊಟ್ಟಿ ಬಡಿಯುತ್ತಿದ್ದೆ, ಒಳಗೆ ಸೋಮು ಅತ್ತ, ನನ್ನ ಕುಬಸ ಒದ್ದೆಯಾಯಿತು. ಹಿಟ್ಟಿನ ಕೈಯಲ್ಲೇ ಜೈತುನಬಿಯನ್ನು ಕರೆಯಲು ಓಡಿದೆ, ಕೂಸನ್ನು ಎತ್ತಿಕೊಳ್ಳುವುದು ಬಿಟ್ಟು.

ಅವತ್ತು ಅತ್ತೆ ಅವಳನ್ನು ಮಣೆಯ ಮೇಲೆ ಕೂಡಿಸಿ, ಕುಬಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟು ಉಡಿ ತುಂಬಿದರು. "ನಮ್ಮಾಗ ಇದಿಲ್ರಿ ಆಯಿ," ಎಂದು ಅವಳು ಎದ್ದರೆ, "ಇವಗ ಅವ್ವಗೋಳು ಇಬ್ರಾಗ್ಯಾರ, ಇಬ್ರಿಗೂ ತುಂಬತೇನಿ. ಸೆರಗ ಒಡ್ಡು," ಎಂದು ಗದರಿಸಿದರು.

ನಿನ್ನ ತಂತಿ ಬಂದದ್ದು ಇದರ ನಡುವೆ, ನಾವು ದವಾಖಾನೆ ಸೇರಿ ಹತ್ತು ದಿನಕ್ಕೆ. ಪೋಸ್ಟಿನ ದಾವಲಮಲಿಕ ಅಲ್ಲಿಗೇ ತಂದ. ಇಂಗ್ಲಿಷನ್ನು ಆಫೀಸಿನಲ್ಲೇ ಯಾರಿಂದಲೋ ಓದಿಸಿಕೊಂಡಿದ್ದ. "ಆಫ್ರಿಕಾದಿಂದ್ರಿ ಬಾಯಾರ. ಡಬ್ಬಿ ಹಾಲ ನಿಲ್ಲಸಬೇಕಂತ್ರಿ." ಅತ್ತೆ ಅಂದರು, "ತಡಾ ಆತು ಅಂತ ತಿರಗಿ ಹೊಡಿ."

ನನಗೆ ಸಿಟ್ಟು ಬಂದಿತ್ತು ಚನ್ನಿ. ಕಳಿಸಿದವಳೂ ಇವಳೇ, ಬೇಡ ಎನ್ನುವವಳೂ ಇವಳೇ. ಅದಕ್ಕೇ ಮೊದಲ ಮೂರು ವಾರ ಬರೆಯಲಿಲ್ಲ. ಆಮೇಲೆ ನಿನ್ನ ಕಾಗದ ಬಂತು, ಸಿಟ್ಟು ಇಳಿಯಿತು, ಆದರೂ ಬರೆಯಲಿಲ್ಲ. ಮಾಸ್ತರರು ಎರಡು ಸಲ ತಂತಿ ಕೊಡಲು ಹೊರಟರು, ನಾನೇ ತಡೆದೆ. ಆರಾಮ ಎಂದು ಬರೆದು ಅದು ಮುಟ್ಟುವುದರೊಳಗೆ ಸುಳ್ಳಾದರೆ? ಒಮ್ಮೆ ಹಾಗೆ ಬರೆದ ಕೈ ಇದು. ನಿನ್ನನ್ನು ಇಷ್ಟು ದಿನ ಬೇಯಿಸಿದ್ದಕ್ಕೆ ನನ್ನ ಬಳಿ ಬೇರೆ ಕಾರಣವಿಲ್ಲ. ಮೊನ್ನೆ ಅತ್ತೆ ತಾವೇ ಸೋಮುವನ್ನು ಎತ್ತಿಕೊಂಡು ಕಾಳಿನ ಅಂಗಡಿಗೆ ಹೋಗಿ ತೂಗಿಸಿಕೊಂಡು ಬಂದರು, ದೃಷ್ಟಿ ತೆಗೆದರು, ಆಮೇಲೆ ನನಗೆ, "ಇನ್ನ ಬರಿ ನಿನ್ನ ತಂಗಿಗೆ," ಅಂದರು. ಅದಕ್ಕೆ ಬರೆಯುತ್ತಿದ್ದೇನೆ.

ನಾಳೆ ಮುಂಜಾನೆ ಮಾಸ್ತರರು ತಂತಿಯನ್ನೂ ಕೊಡುತ್ತಾರೆ: ಕೂಸು ಆರಾಮ, ಹಡಗು ಹತ್ತಬೇಡ. ನೀನು ಬಾಗಿಲಿಗೆ ಬಂದರೆ ಒಳಗೆ ಕರೆಯದೆ ಏನು ಮಾಡಲಿ? ಆದರೆ ಈಗ ಬರಬೇಡ. ವರ್ಷ ಮುಗಿಸಿಕೊಂಡು ಮೇ ತಿಂಗಳಲ್ಲಿ ಬಾ. ಫಾರಮ್ಮುಗಳನ್ನು ಡಾಕ್ಟರ್ ಬಾಯಿಯಿಂದ ತಿರುಗಿ ತಗೋ. ಮೊದಲು ಅಶುರಾಳ ಮನೆಗೆ ಹೋಗು. ನನ್ನದನ್ನು ಅವಳಿಗೆ ಹೇಳು. ಅವಳಂಥವಳೇ ಒಬ್ಬಳು ಇಲ್ಲಿಯೂ ಇದ್ದಾಳೆ ಎಂದು ಹೇಳು.

ಮತ್ತೆ ನಿಮ್ಮ ವರದಿಯಲ್ಲಿ ನನ್ನನ್ನೂ ಸೇರಿಸು. ಇಲ್ಲಿಂದಲೇ ತುಂಬಿ ಕಳಿಸುತ್ತಿದ್ದೇನೆ, ಇಂಗ್ಲಿಷಿಗೆ ನೀನು ತಿರುಗಿಸು.

ತಾಯಿಯ ಹೆಸರು: ಇಂದ್ರಾಬಾಯಿ.

ಊರು: ಸಿಂದಗಿ, ಜಿಲ್ಲಾ ಬಿಜಾಪುರ, ಭಾರತ.

ಓದು: ಬಿ.ಎ. ಈ ಪ್ರಶ್ನೆ ನಿಮ್ಮ ಫಾರಮ್ಮಿನಲ್ಲಿ ಇಲ್ಲ. ಇರಬೇಕು.

ಕೂಸಿನ ವಯಸ್ಸು: ಡಬ್ಬಿ ಶುರು ಮಾಡಿದಾಗ ಎರಡು ತಿಂಗಳು. ಈಗ ಆರನೆಯದು ನಡೆದಿದೆ.

ಚಮಚ: ನಾಲ್ಕು ಹಾಕಬೇಕಾದಲ್ಲಿ ಎರಡು.

ನೀರು: ಬಾವಿಯದು. ಸೀಮೆಎಣ್ಣೆ ಸಾಲದೆ ಮುಂಜಾನೆ ಒಮ್ಮೆ ಕುದಿಸಿ, ಅದನ್ನೇ ಸಂಜೆಯ ತನಕ.

ಡಬ್ಬಿ ಮೊದಲು ಕೊಟ್ಟವರು ಯಾರು: ಇದಕ್ಕೆ ಏನು ಬರೆಯಬೇಕೆಂದು ದೀಪ ಹಚ್ಚುವ ತನಕ ಕಾಗದ ಮಡಚಿ ಇಟ್ಟಿದ್ದೆ. ಖಾಲಿ ಬಿಡೋಣ ಅನಿಸಿತು. ನೂರಾ ಹನ್ನೊಂದು ತಾಯಂದಿರು ಉತ್ತರ ಕೊಟ್ಟಿರುವಾಗ ನಾನೊಬ್ಬಳು ಬಿಡುವುದು ಸರಿಯಲ್ಲ. ಬರೆದುಕೋ: ನನ್ನ ತಂಗಿ. ಅವ್ವ ಹೋದ ಮೇಲೆ ನಾನು ಜೋಳದ ಅಂಬಲಿ ಕುಡಿಸಿ ಬೆಳೆಸಿದವಳು. ನನ್ನ ಕೂಸು ಹಸಿದಿರಬಾರದೆಂದು ಕಳಿಸಿದಳು.